ಊರಿಗೆ ಹೋಗುವವರ ನಾಯಿ
(ಬಾನುಲಿ ಭಾಷಣ)



ಪ್ರವಾಸದ ಮೇಲೆ ಕನ್ನಡದಲ್ಲಿ ಬಂದಿರುವ ಬರವಣಿಗೆ ಅಲ್ಪವಲ್ಲ. ಕಾಶಿಗೆ ಹೋದವರು, ಹಿಮಾಲಯ ಹತ್ತಿದವರು, ಅಮೆರಿಕೆಯ ಮಗನ ಮನೆಯಲ್ಲಿ ಆರು ತಿಂಗಳು ಕಳೆದವರು, ಎಲ್ಲರೂ ತಾವು ಕಂಡದ್ದನ್ನೂ ಉಂಡದ್ದನ್ನೂ ಬರೆದಿದ್ದಾರೆ. ಅವರು ಬೀಗ ಹಾಕಿ ಹೊರಟ ಮನೆಯ ಮುಂದೆ ಉಳಿದವರ ಕಥೆಯನ್ನು ಬರೆದವರು ಕಡಿಮೆ. ಉಳಿದವರು ಮನುಷ್ಯರಾಗಿದ್ದರೆ ಅವರಿಗೆ ಪತ್ರ ಬರುತ್ತದೆ, ಈಗ ದೂರವಾಣಿಯಲ್ಲಿ ಮುಖವೇ ಕಾಣುತ್ತದೆ. ನಾಯಿಗೆ ಮಾತ್ರ ಯಜಮಾನನು ಎಲ್ಲಿಗೆ ಹೋದನು, ಎಂದು ಬರುವನು, ಬರುವನೋ ಇಲ್ಲವೋ ಎಂಬುದನ್ನು ತಿಳಿಸುವ ಉಪಾಯವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಆ ನಾಯಿಯ ಅನ್ನದ, ನೀರಿನ, ಕಾವಲಿನ ವ್ಯವಸ್ಥೆಯ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಜೀವಮಾನವೆಲ್ಲ ಪಂಪ, ರನ್ನರನ್ನು ಪಾಠ ಹೇಳಿದವನು ನಾಯಿಯ ಮಾತಿಗೆ ಇಳಿದನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ವ್ಯಾಸರಿಗೆ ಈ ವಿಷಯ ಕ್ಷುದ್ರವೆನಿಸಿರಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ಯಜ್ಞಶಾಲೆಯ ಹತ್ತಿರ ಬಂದ ನಾಯಿಮರಿಯೊಂದನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳಿದಾಗ ಆ ರಾಜಸಭೆಯಲ್ಲಿ ಉತ್ತರವಿರಲಿಲ್ಲ. ಇನ್ನು ಕಥೆಯ ಕೊನೆಗೆ ಮಹಾಪ್ರಸ್ಥಾನ. ಹಿಂದಿರುಗಿ ಬಾರದ ಪ್ರಯಾಣ ಅದು. ದ್ರೌಪದಿಯೂ ನಾಲ್ವರು ತಮ್ಮಂದಿರೂ ದಾರಿಯಲ್ಲಿ ಬಿದ್ದರು, ನಾಯಿ ಬಂದಿತು. ನಾಯಿಯನ್ನು ಬಿಟ್ಟು ರಥವೇರು ಎಂದು ಇಂದ್ರನು ಹೇಳಿದಾಗ ಧರ್ಮರಾಯನು ಒಪ್ಪಲಿಲ್ಲ. ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟುಬಂದವನಿಗೆ ನಾಯಿಯ ಮೇಲೇಕೆ ಈ ಮೋಹ ಎಂಬುದು ಇಂದ್ರನ ವಾದ. ಸತ್ತವರನ್ನು ಬದುಕಿಸುವ ಶಕ್ತಿ ನನಗಿಲ್ಲದ್ದರಿಂದ ಅವರನ್ನು ಬಿಟ್ಟೆ, ಬದುಕಿರುವಾಗ ಬಿಟ್ಟವನಲ್ಲ ಎಂಬುದು ಧರ್ಮರಾಯನ ಉತ್ತರ. ನನಗೆ ಈ ಉತ್ತರದಲ್ಲಿ ಕಾಣುವುದು ಭಾವುಕತೆಗಿಂತ ಹೆಚ್ಚಾಗಿ ಒಂದು ಖಚಿತವಾದ ಲೆಕ್ಕ. ಜೀವವಿರುವ ತನಕ ಹೊಣೆ ತೀರುವುದಿಲ್ಲ ಎಂಬ ಲೆಕ್ಕ.

ಕನ್ನಡದ ಓದುಗನ ಒಂದು ದುರದೃಷ್ಟವನ್ನು ಇಲ್ಲಿ ಹೇಳಿಬಿಡುತ್ತೇನೆ. ಪಂಪನು ತನ್ನ ಕಾವ್ಯವನ್ನು ಪಟ್ಟಾಭಿಷೇಕದಲ್ಲಿ ಮುಗಿಸಿದ. ಕುಮಾರವ್ಯಾಸನು ಗದಾಪರ್ವಕ್ಕೆ ಲೇಖನಿಯನ್ನು ಕೆಳಗಿಟ್ಟ. ಹೀಗಾಗಿ ನಮ್ಮ ಇಬ್ಬರು ಮಹಾಕವಿಗಳೂ ನಮ್ಮನ್ನು ಆ ನಾಯಿಯವರೆಗೆ ಕರೆದುಕೊಂಡು ಹೋಗಲಿಲ್ಲ. ಉಳಿದ ಪರ್ವಗಳನ್ನು ಕನ್ನಡಿಸಿದವನು ತಿಮ್ಮಣ್ಣ ಕವಿ. ಅವನನ್ನು ಓದುವವರು ಎಷ್ಟು ಜನ?

ಆದರೆ ಕವಿಗಳು ಬಿಟ್ಟದ್ದನ್ನು ಕಲ್ಲುಕುಟಿಗರು ತುಂಬಿಕೊಟ್ಟಿದ್ದಾರೆ. ಪಂಪಭಾರತ ಮುಗಿದದ್ದು ಕ್ರಿ.ಶ. 941ರಲ್ಲಿ. ಅದಾದ ಎಂಟೊಂಬತ್ತು ವರ್ಷಕ್ಕೆ, ಎಂದರೆ 949-50ರಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ಶಾಸನ ಹುಟ್ಟಿತು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ. ಕೃಷ್ಣನು ಮೆಚ್ಚಿ ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳನ್ನು ಕೊಟ್ಟ. ಪುರಿಗೆರೆಯೆಂದರೆ ನಮ್ಮ ನೆರೆಯ ಲಕ್ಷ್ಮೇಶ್ವರ. ಬೂತುಗನ ಭಟ ಮಣಲೇರನು ಆ ಯುದ್ಧದಲ್ಲಿ ಪರಾಕ್ರಮ ತೋರಿದ್ದ. ಬೇಕಾದ್ದನ್ನು ಕೇಳು ಎಂದು ಒಡೆಯನು ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಭೂಮಿ ಬಿಟ್ಟರು.

ಶಾಸನದ ಕೊನೆಯ ಭಾಗ ಇಂದಿನ ನಮ್ಮ ವಿಷಯಕ್ಕೆ ಸೇರಿದ್ದು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂದು ಬರೆಸಿದ್ದಾರೆ. ಗಮನಿಸಿ: ಮೊದಲು ನಾಯಿಯ ಕಲ್ಲು, ಆಮೇಲೆ ತನ್ನ ಊಟ. ಕೆಲಸ ಯಾರದು, ಯಾವ ಹೊತ್ತಿನಲ್ಲಿ ಆಗಬೇಕು, ಅದಕ್ಕೆ ಪ್ರತಿಫಲವೇನು, ತಪ್ಪಿದರೆ ಏನು, ನಾಲ್ಕೂ ಆ ಕಲ್ಲಿನಲ್ಲಿವೆ. ಸತ್ತ ನಾಯಿಗೆ ಇಷ್ಟು ಕಟ್ಟುನಿಟ್ಟು. ಬದುಕಿರುವ ನಾಯಿಯನ್ನು ನಾವು ‘ಯಾರಾದರೂ ನೋಡಿಕೊಳ್ಳುತ್ತಾರೆ ಬಿಡಿ’ ಎಂಬ ಒಂದೇ ಮಾತಿನ ಮೇಲೆ ಬಿಟ್ಟು ಹೋಗುತ್ತೇವೆ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ನೋಡಬೇಕು. ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತ ಚಿತ್ರ ಅದರ ಮೇಲಿದೆ. ಗೊರವ ಎಂಬ ಆ ಹಳೆಯ ಶಬ್ದವಂತೂ ನಮ್ಮ ಕಡೆ ಇನ್ನೂ ಜೀವಂತವಾಗಿದೆ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ, ತುಂಗಭದ್ರೆಯ ಆಚೆಯ ಮೈಲಾರದಲ್ಲಿ, ಕರಿಯ ಕಂಬಳಿಯ ಗೊರವಯ್ಯಗಳು ಮೈಲಾರಲಿಂಗನ ನಾಯಿಗಳಾಗಿ ಬೊಗಳಿ, ಮೊಣಕಾಲೂರಿ ದೋಣಿಯಲ್ಲಿ ಬಾಯಿಟ್ಟು ಪ್ರಸಾದ ಉಣ್ಣುತ್ತಾರೆ. ದೇವರ ನಾಯಿಗೂ ಹೊತ್ತಿಗೆ ಸರಿಯಾಗಿ ಯಾರಾದರೂ ದೋಣಿ ತುಂಬಿಸಲೇಬೇಕು.

ಇನ್ನು ನನ್ನ ಊರಿನ ಮಾತು. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ ನನ್ನ ಹುಟ್ಟೂರು. ಧಾರವಾಡದಲ್ಲಿ ವೃತ್ತಿ ಮುಗಿಸಿ ಮತ್ತೆ ಅಲ್ಲಿಯೇ ಬಂದು ನೆಲೆಸಿದ್ದೇನೆ. ನನ್ನ ಬಾಲ್ಯದಲ್ಲಿ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ನಾಯಿ ಒಂದೋ ಚಕ್ಕಡಿಯ ಅಚ್ಚಿನ ಕೆಳಗಿನ ನೆರಳಿನಲ್ಲಿ ಅದರ ವೇಗಕ್ಕೆ ಸರಿಯಾಗಿ ಓಡುತ್ತ ಜಾತ್ರೆಗೂ ಬರುತ್ತಿತ್ತು, ಇಲ್ಲವೋ ಮನೆಯಲ್ಲಿ ಉಳಿಯುತ್ತಿತ್ತು. ಉಳಿದ ನಾಯಿಯ ಗತಿಯೇನು ಎಂದು ಯಾರೂ ಯೋಚಿಸಿದ್ದನ್ನು ನಾನು ಕಾಣೆ. ಆ ಕಾಲದ ಜನ ಬಹಳ ಕರುಣಾಳುಗಳಾಗಿದ್ದರು, ಈಗಿನವರು ಕಟುಕರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಬೇರೆ ಇತ್ತು. ಆಗ ಮನೆಯೆಂಬುದು ಎಂದೂ ಬರಿದಾಗುತ್ತಿರಲಿಲ್ಲ. ಎಮ್ಮೆ ಹಿಂಡಬೇಕು, ಎತ್ತಿಗೆ ಮೇವು ಹಾಕಬೇಕು, ಸಗಣಿ ಬಳಿಯಬೇಕು. ಇಡೀ ಮನೆತನ ಜಾತ್ರೆಗೆ ಹೋದರೂ ದನಕರುಗಳಿಗಾಗಿ ಒಬ್ಬ ಅಜ್ಜನೋ ಒಬ್ಬಳು ಸೊಸೆಯೋ ಉಳಿಯಲೇಬೇಕಾಗಿತ್ತು. ಅವರು ತಾವು ಉಣ್ಣುವಾಗ ನಾಯಿಗೊಂದು ರೊಟ್ಟಿ ಎಸೆಯುತ್ತಿದ್ದರು. ಎಂದರೆ ನಾಯಿಯನ್ನು ಕಾಯುತ್ತಿದ್ದದ್ದು ಎಮ್ಮೆ!

ಈಗ ಟ್ರ್ಯಾಕ್ಟರು ಬಂದು ಎತ್ತು ಹೋಯಿತು. ಹಾಲಿನ ಪಾಕೀಟು ಬಂದು ಅನೇಕ ಮನೆಗಳಲ್ಲಿ ಎಮ್ಮೆಯೂ ಹೋಯಿತು. ಮಕ್ಕಳು ಬೆಂಗಳೂರು, ಪುಣೆ ಸೇರಿದರು. ಮನೆಯಲ್ಲಿ ಉಳಿದವರು ಇಬ್ಬರು ಮುದುಕರು, ಕೆಲವೆಡೆ ಒಬ್ಬರೇ. ಜೊತೆಗೆ ಒಂದು ನಾಯಿ. ಕೊಟ್ಟಿಗೆಯ ಕೊನೆಯ ನಿವಾಸಿ ಅದು. ಮುದುಕರು ಮಗನ ಮನೆಗೋ ಆಸ್ಪತ್ರೆಗೋ ಹೊರಟರೆಂದರೆ ಬಾಗಿಲಿಗೆ ಬೀಗ ಬೀಳುತ್ತದೆ. ಇದು ನನ್ನ ಊರಿನ ಕಾಲಜ್ಞಾನ. ಪಟ್ಟಣದ ಶ್ರೋತೃಗಳಿಗೂ ಇದು ಅಪರಿಚಿತವಾಗಿರಲಾರದು.

ನಮ್ಮ ಓಣಿಯಲ್ಲಿ ಒಬ್ಬ ವೃದ್ಧೆಯಿದ್ದಾರೆ. ಸಂಬಂಧದಲ್ಲಿ ನನಗೆ ಚಿಗವ್ವನಾಗಬೇಕು. ವಿಧವೆ, ಒಬ್ಬಂಟಿ. ಎರಡು ಕಣ್ಣಿಗೂ ಪೊರೆ ಬಂದು ಒಲೆಯ ಬೆಂಕಿ ಕಾಣದ ಸ್ಥಿತಿ. ಹುಬ್ಬಳ್ಳಿಯಲ್ಲಿರುವ ಮಗಳು ಮೂರು ಸಲ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದಳು. ಮೂರು ಸಲವೂ ಚಿಗವ್ವ ಹೊರಡಲಿಲ್ಲ. ಹೆದರಿಕೆ ಎಂದು ಎಲ್ಲರೂ ತಿಳಿದರು. ನಾನು ಹೋಗಿ ಕುಳಿತು ಕೇಳಿದಾಗ ನಿಜವಾದ ಕಾರಣ ಹೊರಬಿತ್ತು. “ಕಣ್ಣ ಹೋದ್ರ ಹೋಗ್ಲಿ ತಮ್ಮಾ, ಇದಕ್ಕ ತುತ್ತ ಹಾಕಾವ್ರು ಯಾರು?” ಎಂದರು. ಪಕ್ಕದಲ್ಲಿ ಮೋತ್ಯಾ ಮಲಗಿತ್ತು. ಜಾತಿ ಗೀತಿ ಇಲ್ಲದ, ಕಂದು ಬಣ್ಣದ, ಓಣಿಯ ನಾಯಿ. ನಾವೆಲ್ಲ ಇಲ್ಲವೇ ಎಂದೆ. ಅದಕ್ಕೆ ಬಂದ ಉತ್ತರ: “ನೀವು ಒಂದ ದಿನ ಹಾಕ್ತೀರಿ, ಎರಡ ದಿನ ಹಾಕ್ತೀರಿ. ಮೂರನೇ ದಿನ ಅವರು ಹಾಕ್ಯಾರ ಅಂತ ಇವರು, ಇವರು ಹಾಕ್ಯಾರ ಅಂತ ಅವರು ಸುಮ್ಮನಿರ್ತೀರಿ.”

ಎಲ್ಲರ ಹೊಣೆ ಯಾರ ಹೊಣೆಯೂ ಆಗುವುದಿಲ್ಲ ಎಂಬುದನ್ನು ಅಕ್ಷರ ಬಾರದ ಆ ಹೆಂಗಸು ಇಷ್ಟು ಸ್ಪಷ್ಟವಾಗಿ ಹೇಳಿದಳು. ಅವಳಿಗೆ ಬೇಕಾದದ್ದು ಓಣಿಯ ಸದ್ಭಾವನೆ ಅಲ್ಲ, ಒಂದು ಹೆಸರು.

ಎದುರುಮನೆಯ ಹುಡುಗನೊಬ್ಬ ಹೈಸ್ಕೂಲಿನಲ್ಲಿ ಓದುತ್ತಿದ್ದ. ಅವನನ್ನು ಗೊತ್ತುಮಾಡಿದೆವು. ನಾಯಿಯನ್ನು ಅವನ ಮನೆಗೆ ಒಯ್ಯುವುದು ಬೇಡ, ಅದರ ಕಟ್ಟೆಯ ಮೇಲೆಯೇ ಅದು ಇರಲಿ ಎಂದು ತೀರ್ಮಾನವಾಯಿತು. ನಾಯಿಗೆ ಮನುಷ್ಯನ ಜೊತೆಗೆ ಜಾಗವೂ ತಪ್ಪಿದರೆ ದಿಗಿಲು ಎರಡರಷ್ಟಾಗುತ್ತದೆ. ಮೊದಲು ಶಿಗ್ಗಾವಿಯ ಪಶುವೈದ್ಯರಲ್ಲಿಗೆ ಒಯ್ದು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದೆವು. ಇದು ನಾಯಿಯ ಕ್ಷೇಮಕ್ಕೆ ಎಷ್ಟೋ ಅಷ್ಟೇ ಆ ಹುಡುಗನ ಕ್ಷೇಮಕ್ಕೆ. ಆ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವುದು ಇಲ್ಲವೆಂದೇ ಹೇಳಬೇಕು. ಪರರ ಮಕ್ಕಳ ಕೈಗೆ ನಾಯಿಯನ್ನು ಒಪ್ಪಿಸುವವರು ಇದೊಂದನ್ನು ಮರೆಯಬಾರದು. ಆಮೇಲೆ, ಚಿಗವ್ವ ಊರಿನಲ್ಲಿರುವಾಗಲೇ ಎಂಟು ದಿನ ಹುಡುಗನು ಬಂದು, ಅವರ ಕಣ್ಣೆದುರಿಗೇ, ಅದೇ ಹಳೆಯ ಪರಾತದಲ್ಲಿ, ಅದೇ ಹೊತ್ತಿಗೆ ರೊಟ್ಟಿ ಮಜ್ಜಿಗೆ ಕಲಸಿ ಇಟ್ಟ. ಮೊದಲ ದಿನ ಮೋತ್ಯಾ ಚಿಗವ್ವನ ಮುಖ ನೋಡಿತಂತೆ. ಅಪ್ಪಣೆ ಸಿಕ್ಕ ಮೇಲೆ ತಿಂದಿತು.

ಶಸ್ತ್ರಚಿಕಿತ್ಸೆಯೇನೋ ಒಂದು ದಿನದ್ದು. ಆದರೆ ಕಣ್ಣಿಗೆ ಹನಿ ಹಾಕಬೇಕು, ಒಲೆಯ ಹೊಗೆ ತಾಗಬಾರದು, ಮತ್ತೆ ಎರಡನೆಯ ಕಣ್ಣು. ಹೀಗೆ ಹುಬ್ಬಳ್ಳಿಯಲ್ಲಿ ಆರು ವಾರ. ಹೊರಡುವಾಗ ಅವರು ತಮ್ಮ ಒಂದು ಹಳೆಯ ಸೀರೆಯನ್ನು ಒಗೆಯದೆ ಕಟ್ಟೆಯ ಮೂಲೆಯಲ್ಲಿ ಹಾಸಿ ಹೋದರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ನಾಯಿಯ ಲೋಕ ಮೂಗಿನ ಲೋಕ ಎಂದು ಪಶುವೈದ್ಯರು ಇದೇ ಸಲಹೆಯನ್ನು ಕೊಡುವುದನ್ನು ಮುಂದೆ ಕೇಳಿದೆ. ಎರಡು ದಿನ ಮೋತ್ಯಾ ಅನ್ನ ಮುಟ್ಟಲಿಲ್ಲ, ನೀರು ಕುಡಿಯುತ್ತಿತ್ತು. ಸಂಜೆ ಬಸ್ಸು ಬರುವ ಹೊತ್ತಿಗೆ ಹೋಗಿ ಇಳಿಯುವವರನ್ನೆಲ್ಲ ಮೂಸಿ ನೋಡಿ ಬರುತ್ತಿತ್ತು. ಹುಡುಗ ಗಾಬರಿಯಾದ. ಆರೋಗ್ಯವಾಗಿರುವ ದೊಡ್ಡ ನಾಯಿ ಹೊಸ ಪರಿಸ್ಥಿತಿಯಲ್ಲಿ ಒಂದೆರಡು ದಿನ ಉಣ್ಣದಿದ್ದರೆ ಹೆದರಬೇಕಾಗಿಲ್ಲ. ನೀರೂ ಬಿಟ್ಟರೆ, ವಾಂತಿ ಭೇದಿ ಕಂಡರೆ, ಅಥವಾ ಚಿಕ್ಕ ಮರಿಯಾಗಿದ್ದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ಮೂರನೆಯ ದಿನ ಅದು ಅರ್ಧ ರೊಟ್ಟಿ ತಿಂದಿತು. ಹುಡುಗನು ಆ ಸುದ್ದಿಯನ್ನು ಹುಬ್ಬಳ್ಳಿಗೆ ತಿಳಿಸಿದ ಉತ್ಸಾಹವನ್ನು ನೋಡಬೇಕಾಗಿತ್ತು, ಪರೀಕ್ಷೆಯಲ್ಲಿ ಉತ್ತೀರ್ಣನಾದವನ ಹಾಗೆ.

ಆ ಉತ್ಸಾಹದಲ್ಲಿಯೇ ಅವನು ಮೊಬೈಲನ್ನು ನಾಯಿಯ ಕಿವಿಗೆ ಹಿಡಿದು ಚಿಗವ್ವನ ದನಿ ಕೇಳಿಸಿದ. ನಾಯಿ ಎದ್ದು ನಿಂತು, ಮೊಬೈಲಿನ ಹಿಂದೆ ನೋಡಿತು, ಬಾಗಿಲ ಹಿಂದೆ ಹುಡುಕಿತು, ಹಿತ್ತಲಿಗೆ ಓಡಿತು. ಆ ರಾತ್ರಿ ಮತ್ತೆ ಉಪವಾಸ. ದೂರದಿಂದ ದನಿ ಕೇಳಿಸುವುದರಲ್ಲಿ ನಮಗೆ ಸಮಾಧಾನವಿದೆ. ನಾಯಿಗೆ ದನಿಯೆಂದರೆ ಹತ್ತಿರದಲ್ಲಿ ಮನುಷ್ಯ ಇದ್ದಾನೆ ಎಂದೇ ಅರ್ಥ. ಎಲ್ಲ ನಾಯಿಗಳೂ ಹೀಗೆ ಮಾಡುತ್ತವೆಂದು ನಾನು ಹೇಳಲಾರೆ. ಮೋತ್ಯಾನ ಮಟ್ಟಿಗೆ ಆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆವು.

ಆರು ವಾರಗಳ ಮೇಲೆ ಕಪ್ಪು ಕನ್ನಡಕ ಧರಿಸಿ ಬಸ್ಸಿನಿಂದ ಇಳಿದ ಚಿಗವ್ವನನ್ನು ಕಂಡು ಮೋತ್ಯಾ ಮೊದಲು ಬೊಗಳಿತು. ಕನ್ನಡಕ ತೆಗೆದ ಮೇಲಿನದನ್ನು ನಾನು ವರ್ಣಿಸುವುದಿಲ್ಲ. ಚಿಗವ್ವ ಮಾತ್ರ ಅದನ್ನು ಕಣ್ಣರಳಿಸಿ ನೋಡಿ, “ಅಯ್ಯ, ಇದರ ಮಾರಿ ಮ್ಯಾಲ ಬಿಳೇ ಕೂದಲ ಬಂದಾವಲ್ಲೋ!” ಎಂದರು. ಎಷ್ಟೋ ವರ್ಷಗಳಿಂದ ಅವರು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಪ್ರತಿಫಲದ ಪ್ರಶ್ನೆಗೆ ಸ್ವಲ್ಪ ಜಗಳವಾಯಿತು. ಚಿಗವ್ವ ದುಡ್ಡು ಕೊಡಲು ಹೋದರು, ಹುಡುಗನ ತಾಯಿ ಮುಟ್ಟಲಿಲ್ಲ. ‘ಮೂಕ ಪ್ರಾಣಿಗೆ ಹಾಕಿದ ತುತ್ತಿಗೆ ರೊಕ್ಕ ತಗೊಳ್ಳೂದೇನ’ ಎಂಬುದು ಆಕೆಯ ಆಕ್ಷೇಪ. ಈ ಉದಾತ್ತತೆಯ ಬಗ್ಗೆ ನನಗೆ ಗೌರವವಿದೆ. ಆದರೂ ನಾನು ಚಿಗವ್ವನ ಪಕ್ಷ. ನಮ್ಮ ಊರುಗಳಲ್ಲಿ ಬಡಿಗ, ಕಮ್ಮಾರ, ಮಡಿವಾಳರಿಗೆ ಸುಗ್ಗಿಯಲ್ಲಿ ಆಯ ಅಳೆದುಕೊಡುವ ಪದ್ಧತಿ ಇತ್ತು. ಆಯ ಪಡೆದವನಿಗೆ ಕೆಲಸ ಮಾಡುವ ಬಾಧ್ಯತೆ ಇತ್ತು, ಕೊಟ್ಟವನಿಗೆ ಕೇಳುವ ಅಧಿಕಾರವಿತ್ತು. ಪುಕ್ಕಟೆಯ ಉಪಕಾರವನ್ನು ಎರಡನೆಯ ಸಲ ಕೇಳಲು ನಾಲಗೆ ಏಳುವುದಿಲ್ಲ. ಕೊನೆಗೆ ಅರ್ಧ ಚೀಲ ಶೇಂಗಾ ಮತ್ತು ಹುಡುಗನ ಒಂದು ವರ್ಷದ ನೋಟುಪುಸ್ತಕಗಳ ಮೇಲೆ ಒಪ್ಪಂದವಾಯಿತು.

ಪಟ್ಟಣದವರಿಗೆ ಎದುರುಮನೆಯ ಹುಡುಗ ಸಿಗುವುದು ದುರ್ಲಭ. ಅವರಿಗಾಗಿ ಬೆಂಗಳೂರಿನಂಥ ನಗರಗಳಲ್ಲಿ ನಾಯಿಗಳ ವಸತಿಗೃಹಗಳು ಹುಟ್ಟಿಕೊಂಡಿವೆ. ದಿನಕ್ಕಿಷ್ಟು ಎಂದು ಬಾಡಿಗೆ. ಇದನ್ನು ಕೇಳಿ ನಗುವವರಿದ್ದಾರೆ; ನಾನು ನಗುವುದಿಲ್ಲ. ಆದರೆ ಒಳಗೆ ಹೋಗಿ ಕಣ್ಣಾರೆ ನೋಡದೆ, ಚಿತ್ರ ನೋಡಿ ಮಾತ್ರ ಅಂಥಲ್ಲಿ ಬಿಡಬಾರದು. ಮೂಗನ್ನು ಜೊತೆಗೆ ಒಯ್ಯಿರಿ. ನಾಲ್ಕು ನಾಯಿಗಳಿದ್ದರೂ ಚೊಕ್ಕಟವಾದ ಜಾಗ ನಾರುವುದಿಲ್ಲ. ನೀರಿನ ಬೋಗುಣಿ ನೋಡಿರಿ. ಬೇಲಿ ನೋಡಿರಿ, ಮುಧೋಳ ನಾಯಿಯಂಥ ಓಟದ ನಾಯಿ ಹೊಸ ಜಾಗದಲ್ಲಿ ಬೆದರಿ ತಪ್ಪಿಸಿಕೊಂಡರೆ ಮತ್ತೆ ಕೈಗೆ ಸಿಗುವುದು ಕಷ್ಟ. ಚುಚ್ಚುಮದ್ದಿನ ಪುಸ್ತಕ ತೋರಿಸಿ ಎಂದು ಅವರು ನಿಮ್ಮನ್ನು ಪೀಡಿಸಿದರೆ ಸಿಟ್ಟಾಗಬೇಡಿರಿ, ಅದೇ ಒಳ್ಳೆಯ ಲಕ್ಷಣ. ಪಾರ್ವೋ, ಡಿಸ್ಟೆಂಪರ್ ಎಂಬ ರೋಗಗಳು ನಾಯಿಯಿಂದ ನಾಯಿಗೆ ಹರಡುತ್ತವೆ. ಪುಸ್ತಕ ಕೇಳದ ಕಡೆ ಪಕ್ಕದ ನಾಯಿಯ ಪುಸ್ತಕವನ್ನೂ ಕೇಳಿರುವುದಿಲ್ಲ. ದೀರ್ಘ ಪ್ರವಾಸಕ್ಕೆ ಮುಂಚೆ ಒಂದು ರಾತ್ರಿ ಬಿಟ್ಟು ನೋಡುವುದು ಲೇಸು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷವೆಂದು ನೋಡಿಕೊಳ್ಳುವವರಿಗೆ ಹೇಳಬೇಕು. ಪ್ರೀತಿಯಿಂದ ಕೊಟ್ಟ ಒಣದ್ರಾಕ್ಷಿಯ ಪಾಯಸದಿಂದಲೂ ಅಪಾಯ ಬರಬಹುದು. ದೀಪಾವಳಿಗೆ ಊರಿಗೆ ಹೋಗುವವರಂತೂ ಪಟಾಕಿಯ ರಾತ್ರಿಗಳಲ್ಲಿ ನಾಯಿ ಮನೆಯ ಒಳಗೇ ಇರುವಂತೆ ಖಡಾಖಂಡಿತವಾಗಿ ಹೇಳಿ ಹೋಗಬೇಕು.

ಹೋಮರನ ಒಡಿಸ್ಸಿಯಲ್ಲಿ ಇದೇ ವಸತಿಯ ಪ್ರಶ್ನೆ ಬರುತ್ತದೆ. ಒಡಿಸ್ಯೂಸನು ಟ್ರಾಯ್ ಯುದ್ಧಕ್ಕೆ ಹೊರಟಾಗ ಅರ್ಗೋಸ್ ಎಂಬ ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಿದ್ದ. ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಬಂದಾಗ ಅದು ಬಾಗಿಲ ಮುಂದಿನ ತಿಪ್ಪೆಯ ಮೇಲೆ, ಮೈತುಂಬ ಉಣ್ಣೆ ಹತ್ತಿ ಬಿದ್ದಿತ್ತು. ದನಿ ಕೇಳಿ ಬಾಲ ಅಲ್ಲಾಡಿಸಿ ಪ್ರಾಣ ಬಿಟ್ಟಿತು. ನಾಯಿಯ ನಿಷ್ಠೆಯನ್ನು ಹೊಗಳಲು ಈ ಪ್ರಸಂಗವನ್ನು ಎಲ್ಲರೂ ಉದ್ಧರಿಸುತ್ತಾರೆ. ಹಂದಿ ಕಾಯುವ ಯೂಮಿಯಸನು ಅಲ್ಲಿ ಆಡುವ ಮಾತಿನ ಕಡೆಗೆ ಗಮನ ಕೊಡುವವರು ಕಡಿಮೆ. ಒಡೆಯನು ಎದುರಿಗಿಲ್ಲದಾಗ ಆಳುಗಳು ಕೆಲಸ ಮಾಡುವುದಿಲ್ಲ, ಅದರಿಂದಲೇ ನಾಯಿಗೆ ಈ ಗತಿ ಬಂತು ಎನ್ನುತ್ತಾನೆ ಅವನು. ಆ ಅರಮನೆಯಲ್ಲಿ ಆಳುಗಳಿಗೆ ಕೊರತೆಯಿರಲಿಲ್ಲ. ಚಿಗವ್ವ ಕೇಳಿದ ಒಂದು ಹೆಸರು ಅಲ್ಲಿಯೂ ಇರಲಿಲ್ಲ.

ಇನ್ನೊಂದು ಪದ್ಧತಿ ಇದೆ. ಅದನ್ನು ವ್ಯವಸ್ಥೆ ಎನ್ನಲಾರೆ. ಮನೆ ಕಾಯಲಿ ಎಂದು ನಾಯಿಯನ್ನು ಅಂಗಳದಲ್ಲಿ ಸರಪಳಿಯಿಂದ ಕಟ್ಟಿ, ಒಂದು ಬಕೆಟ್ ನೀರು, ಹತ್ತು ರೊಟ್ಟಿ ಇಟ್ಟು ಹೋಗುವುದು. ಮೊದಲ ದಿನವೇ ಬಕೆಟ್ ಉರುಳುತ್ತದೆ, ರೊಟ್ಟಿಗೆ ಇರುವೆ ಮುತ್ತುತ್ತದೆ. ನೆಂಟರಿಷ್ಟರಲ್ಲಿ ಗೌರವಸ್ಥರೆನಿಸಿಕೊಂಡವರೂ ಹೀಗೆ ಮಾಡಿ ಮದುವೆಗೆ ಹೋಗಿಬಂದದ್ದನ್ನು ನಾನು ಕಂಡಿದ್ದೇನೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಆ ಕಾಯ್ದೆ ಮೊದಲ ಅಪರಾಧಕ್ಕೆ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ ಎಂಬುದನ್ನು ಓದಿ ನನಗೆ ನಗು ಬಂತು. ಅದು ನಗುವ ವಿಷಯವಲ್ಲದಿದ್ದರೂ.

ಜೊತೆಗೇ ಕರೆದೊಯ್ಯಬಾರದೇ ಎಂದು ಕೇಳುವವರುಂಟು. ರೈಲಿನ ಗಾರ್ಡ್ ಡಬ್ಬಿಯಲ್ಲಿ ನಾಯಿಗಾಗಿ ಪೆಟ್ಟಿಗೆಯಿರುತ್ತದೆ; ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನು ಪೂರ್ತಿ ಹಿಡಿದರೆ ಪಕ್ಕದಲ್ಲಿಯೇ ಕೂರಿಸಿಕೊಂಡೂ ಹೋಗಬಹುದು. ನಿವೃತ್ತ ಅಧ್ಯಾಪಕರ ಶಕ್ತಿಗೆ ಆ ಕೂಪೆ ಮೀರಿದ್ದು. ಕತ್ತಲ ಪೆಟ್ಟಿಗೆ ನಾಯಿಯ ಶಕ್ತಿಗೆ ಮೀರಿದ್ದು.

ಕೊನೆಯದಾಗಿ ಒಂದು ಕಹಿ ಮಾತು. ನನ್ನ ವಯಸ್ಸಿನವರು ಊರಿಗೆ ಹೊರಟಾಗ ಎಲ್ಲ ಪ್ರಯಾಣಗಳಿಗೂ ಮರಳುವ ಟಿಕೇಟು ಇರುವುದಿಲ್ಲ. ನಮ್ಮ ಕಡೆಯ ಒಬ್ಬ ಹಿರಿಯರು ಎದೆನೋವೆಂದು ಆಸ್ಪತ್ರೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಮಕ್ಕಳು ಬಂದು ಕ್ರಿಯೆ ಮುಗಿಸಿ, ಪಾತ್ರೆ ಪಗಡೆ ಹಂಚಿಕೊಂಡು, ಬೀಗ ಹಾಕಿ ಹೋದರು. ಕೆಟ್ಟವರಲ್ಲ ಆ ಮಕ್ಕಳು. ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಗೆ ಹನ್ನೊಂದು ವರ್ಷದ ನಾಯಿಯನ್ನು ಹೇಗೆ ಒಯ್ಯುವುದೆಂದು ಅವರಿಗೆ ತೋಚಲಿಲ್ಲ, ಊರವರು ನೋಡಿಕೊಳ್ಳುತ್ತಾರೆಂದುಕೊಂಡರು. ಊರವರು ಮಕ್ಕಳು ಒಯ್ಯುತ್ತಾರೆಂದುಕೊಂಡರು. ಆ ನಾಯಿ ಮಳೆಗಾಲ ಮುಗಿಯುವುದರೊಳಗೆ ಸತ್ತುಹೋಯಿತು. ಹೊಲದ ಉತಾರದಲ್ಲಿ ಯಾರ ಹೆಸರಿರಬೇಕೆಂದು ಆ ಹಿರಿಯರು ಹತ್ತು ವರ್ಷ ಮೊದಲೇ ಬರೆಸಿಟ್ಟಿದ್ದರು. ನಾಯಿಯ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ.

ಇದು ನಡೆದ ಮೇಲೆ ಚಿಗವ್ವ ನನ್ನನ್ನು ಕರೆಸಿ ಒಂದು ಕಾಗದ ಬರೆಸಿದರು. ತಾನು ಬಾರದೆ ಹೋದರೆ ಮೋತ್ಯಾ ಎದುರುಮನೆಗೆ ಸೇರಿದ್ದು, ಅದರ ಅನ್ನಕ್ಕಾಗಿ ವರ್ಷಕ್ಕೆ ಒಂದು ಚೀಲ ಜೋಳವನ್ನು ಮಕ್ಕಳು ತನ್ನ ಹೊಲದಿಂದ ಕೊಡತಕ್ಕದ್ದು ಎಂದು. ಕೋರ್ಟಿನಲ್ಲಿ ಅದು ನಿಲ್ಲುತ್ತದೋ ಇಲ್ಲವೋ ಎಂದು ನಾನು ವಕೀಲರನ್ನು ಕೇಳಲು ಹೋಗಲಿಲ್ಲ. ಮಗ ಸಹಿ ಮಾಡಿದ್ದಾನೆ, ಮಗಳು ಸಹಿ ಮಾಡಿದ್ದಾಳೆ, ಚಿಗವ್ವ ಹೆಬ್ಬೆಟ್ಟು ಒತ್ತಿದ್ದಾರೆ. ಆ ಹುಡುಗನೀಗ ಪಿಯುಸಿ ಓದಲು ಬೆಳಗಿನ ಬಸ್ಸಿಗೆ ಶಿಗ್ಗಾವಿಗೆ ಹೋಗುತ್ತಾನೆ. ಮುಂದಿನ ತಿಂಗಳು ಚಿಗವ್ವ ಪುಣೆಯಲ್ಲಿ ಮೊಮ್ಮಗಳ ಮದುವೆಗೆ ಹೊರಟಿದ್ದಾರೆ. ಬೆಳಗಿನ ರೊಟ್ಟಿ ಹುಡುಗನ ತಂಗಿಯದು, ಸಂಜೆಯದು ಅವನದು ಎಂದು ಗೊತ್ತಾಗಿದೆ. ತಂಗಿಯ ಎಂಟು ದಿನದ ಅಭ್ಯಾಸ ಮೊನ್ನೆ ಸೋಮವಾರ ಸುರುವಾಯಿತು.